ಕಸದ ಗಾಡಿ ಹತ್ತಿ ಹೋದವಳು

ಪಕ್ಕದ ಮನೆಯವಳು ಯಾರ ಜೊತೆಗೂ ಓಡಿಹೋಗಲಿಲ್ಲ. ಗಂಡನ ಹೊಡೆತ ತಾಳಲಾರದೆ, ಹಾಡುಹಗಲೇ, ನಗರಸಭೆಯ ಕಸದ ಗಾಡಿಯಲ್ಲಿ ಕುಳಿತು ಹೋದಳು. ಕಳಿಸಿದವಳು ನಾನು.

ಇಷ್ಟು ವರ್ಷ ಬಾಯಿ ಮುಚ್ಚಿಕೊಂಡಿದ್ದೆ. ಹೋದ ವಾರ ನಮ್ಮ ರಂಗಂಪೇಟೆಯ ಓಣಿಯಲ್ಲಿ ಯಾರೋ ಗುರೆಳ್ಳು ಹುರಿದರು. ಆ ವಾಸನೆ ಮೂಗಿಗೆ ಬಡಿದದ್ದೇ ಅವಳು ಬಂದು ಹೊಸ್ತಿಲ ಮೇಲೆ ಕುಳಿತಂತಾಯಿತು. ರೊಟ್ಟಿಯ ಜೊತೆ ತಿನ್ನುವ ಗುರೆಳ್ಳು ಹಿಂಡಿ ಕುಟ್ಟುವುದಿದ್ದರೆ ಅವಳು ನನ್ನ ಮನೆಗೇ ಬರುತ್ತಿದ್ದಳು. ನಾನು ಮಾಡಿದ್ದನ್ನು ನಾಲಿಗೆಗೆ ಹಚ್ಚಿಕೊಂಡು, "ಯವ್ವಾ, ಇದು ಬಾಣಂತಿಗಿ ಮಾಡೀಯೇನ? ಖಾರ ಎಲ್ಲಿ ಹೋತು?" ಎನ್ನುತ್ತಿದ್ದಳು. ನಕ್ಕರೆ ಒಡೆದ ತುಟಿ ಮತ್ತೆ ಬಿರಿಯುತ್ತಿತ್ತು...

ಅವನು ಕುಡಿದಾಗಲೂ ಹೊಡೆಯುತ್ತಿದ್ದ, ಕುಡಿಯದಾಗಲೂ ಹೊಡೆಯುತ್ತಿದ್ದ. ಓಣಿಯ ಹಿರಿಯರು ಕೂಡಿಸಿ ಬುದ್ಧಿ ಹೇಳಿದರು, ಅವಳಿಗೇ ಹೇಳಿದರು. ದೇವಾಪುರದ ತವರಿಗೆ ಹೋದರೆ ತಾಯಿ ಉಡಿ ತುಂಬಿ, ಬಸ್ಸು ಹತ್ತಿಸಿ, ಮತ್ತೆ ಅವನ ಹತ್ತಿರವೇ ಕಳಿಸುತ್ತಿದ್ದಳು. ಒಂದು ದಿನ ಅವಳ ಕುತ್ತಿಗೆಯ ಮೇಲೆ ಬೆರಳಿನ ಗುರುತು ಕಂಡೆ. ಇನ್ನು ಇವಳು ಉಳಿಯುವುದಿಲ್ಲ ಅನ್ನಿಸಿತು. ನಮ್ಮ ವಾರ್ಡಿನಿಂದ ನಗರಸಭೆಗೆ ಗೆದ್ದ ಹೆಂಗಸು, ಮೆಂಬರ್ ಬಾಯಿ, ಅವಳ ಮನೆಗೆ ನಾನೇ ಹೋದೆ.

ಮೆಂಬರ್ ಬಾಯಿ ಹೆಚ್ಚು ಮಾತಿನವಳಲ್ಲ. ಅಲ್ಲಿ ಇಲ್ಲಿ ಫೋನು ಮಾಡಿ, ಹೊಡೆತ ತಿಂದ ಹೆಂಗಸರನ್ನು ಇಟ್ಟುಕೊಳ್ಳುವ ಯಾದಗಿರಿಯ ಸರ್ಕಾರಿ ಮನೆಯಲ್ಲಿ ಜಾಗ ಮಾಡಿಸಿದಳು. ಓಣಿ ದಾಟಿಸುವುದೇ ಕಷ್ಟವಿತ್ತು. ಗಂಡ ಮನೆ ಮುಂದಿನ ಕಟ್ಟೆ ಬಿಟ್ಟು ಏಳುತ್ತಿರಲಿಲ್ಲ. ಕಸದ ಗಾಡಿ ಓಡಿಸುವವಳು ಹೆಂಗಸು. ಮೆಂಬರ್ ಬಾಯಿ ಅವಳಿಗೆ ಹೇಳಿಟ್ಟಳು.

"ಕಸದ ಗಾಡ್ಯಾಗ ಕುಂದ್ರಾಕ ನಾಚಿಕಿ ಇಲ್ಲಲ್ಲ?" ಎಂದು ಮೆಂಬರ್ ಬಾಯಿ ಇವಳನ್ನು ಕೇಳಿದಳು.

"ನಮ್ಮ ಮನಿಗಿಂತ ಅದೇ ಹಸನ ಅದರಿ," ಎಂದಳು ಇವಳು.

ಮುಂಜಾನೆ ಗಾಡಿ ಹಾಡು ಹಚ್ಚಿಕೊಂಡು ಬಂತು. ಅವಳು ಬಕೆಟ್ಟು ಹಿಡಿದು ಗಂಡನ ಮುಂದೆಯೇ ಹೋದಳು. ಅದರಲ್ಲಿ ಮೇಲೆ ಉಳ್ಳಾಗಡ್ಡಿ ಸಿಪ್ಪೆ, ಕೆಳಗೆ ಸೀರೆ. ತಿರುವಿನಲ್ಲಿ ಗಾಡಿ ಹತ್ತಿದಳು. ನನ್ನ ಕಡೆ ನೋಡಲಿಲ್ಲ. ನೋಡಬೇಡ ಎಂದು ನಾನೇ ಹೇಳಿದ್ದೆ.

ಹೊತ್ತೇರಿದ ಮೇಲೆ ಅವನು ಬಡಿಗೆ ಹಿಡಿದು ನನ್ನ ಬಾಗಿಲಿಗೆ ಬಂದ.

"ಎಲ್ಲಿ ಅದಾಳ ಹೇಳ್ರಿ. ಯಾದಗಿರಿಗಿ ಹೋಗ್ಯಾಳೇನು? ಸಿಕ್ಕರ ಕಡೀತೀನಿ."

ಯಾದಗಿರಿಯ ಹೆಸರನ್ನು ಅವನ ತಲೆಯಿಂದ ತೆಗೆಯಬೇಕಿತ್ತು.

"ಯಾದಗಿರ್ಯಾಗ ಆಕಿಗಿ ಯಾರ ಅದಾರೋ? ನಿಮ್ಮ ಮನಿ ಗ್ವಾಡಿ ಕಟ್ಟಿದ ಗೌಂಡಿ ಪುಣೆಕ ಹೋದ್ನಲ್ಲ, ಅವನ ಹಿಂದ ಹೋಗ್ಯಾಳ," ಎಂದೆ.

ಕೂಡಲೇ ನಂಬಿದ. ಹೆಂಡತಿಯ ಬಗ್ಗೆ ಇಂಥ ಮಾತನ್ನು ಅಂಥ ಗಂಡಸು ಬೇಗ ನಂಬುತ್ತಾನೆ. ಯಾದಗಿರಿ ಸ್ಟೇಷನ್ನಿನಲ್ಲೇ ಪುಣೆಯ ರೈಲು ಹತ್ತಿದ. ಅವಳು ಅದೇ ಊರಲ್ಲಿದ್ದಳು. ಪುಣೆಯಲ್ಲಿ ಗೌಂಡಿಯೂ ಸಿಗಲಿಲ್ಲ, ಒಳ್ಳೆಯದೇ ಆಯಿತು; ಬರಿಗೈಯಲ್ಲಿ ಓಣಿಗೆ ತಿರುಗಿ ಬಂದ.

ಆಮೇಲೆ ಅವಳನ್ನು ಬೇರೆ ಊರಿಗೆ ಕಳಿಸಿದರಂತೆ. ಎಲ್ಲಿಗೆಂದು ಮೆಂಬರ್ ಬಾಯಿಗೂ ಹೇಳಲಿಲ್ಲ. ಹೇಳಬಾರದು, ಅದು ಸರಿ. ಓಣಿಯವರು ಗೌಂಡಿಯ ಕಥೆಗೆ ರೆಕ್ಕೆಪುಕ್ಕ ಕಟ್ಟಿದರು, ಹೊಸ ಸೊಸೆಯರಿಗೂ ಹೇಳಿಕೊಟ್ಟರು. ನಾನು ತಿದ್ದಲಿಲ್ಲ. ಆ ಕೆಟ್ಟ ಹೆಸರೇ ಅವಳನ್ನು ಕಾಯುತ್ತಿತ್ತು. ಅವಳು ಹೋದ ಮೇಲೆ ಮಧ್ಯಾಹ್ನ ಯಾರೂ ನನ್ನ ಹೊಸ್ತಿಲಿಗೆ ಬಂದು ಕೂರಲಿಲ್ಲ. ನಾನೂ ಯಾರನ್ನೂ ಕರೆಯಲಿಲ್ಲ...

ಗುರೆಳ್ಳಿನ ವಾಸನೆ ಬಂದ ದಿನವೇ ಸಂಜೆ ಅವಳ ಗಂಡ ಸತ್ತ. ಮಣ್ಣು ಮಾಡಿ ಬಂದರು. ಇನ್ನು ಹೆದರಬೇಡ ಎಂದು ಅವಳಿಗೆ ಹೇಳಿ ಕಳಿಸಲು ನನಗೆ ದಾರಿಯೇ ಇಲ್ಲ. ಬದುಕಿದ್ದಾಳೋ, ಯಾವ ಊರಲ್ಲಿದ್ದಾಳೋ.

ಮರುದಿನ ಮುಂಜಾನೆ ನಳದ ಹತ್ತಿರ ಕೊಡ ಇಳಿಸಿ, ಹೆಂಗಸರ ಮುಂದೆ ಎಲ್ಲವನ್ನೂ ಹೇಳಿದೆ.

"ಯವ್ವಾ, ನಿನಗ ಅರಳುಮರಳು ಆಗ್ಯಾದ. ಗೌಂಡಿ ಕೂಡ ಓಡಿ ಹೋಗ್ಯಾಳಂತ ನೀನ ಹೇಳಿದ್ದಿಯಲ್ಲ?" ಎಂದು ಒಬ್ಬಳು ನಕ್ಕಳು.

"ಹೌದವಾ, ನಾನ ಹೇಳಿದ್ದೆ. ಸುಳ್ಳ ಹೇಳಿದ್ದೆ."

ಯಾರೂ ನಂಬಲಿಲ್ಲ. ನನ್ನ ಪಾಳಿ ಬಂತು. ಕೊಡ ತುಂಬಿಕೊಂಡು ಮನೆಗೆ ಬಂದೆ.