ಗುಡ್ಡಕ್ಕೆ ಹಚ್ಚಿದ ರೀ

ಹುಬ್ಬಳ್ಳಿಯಿಂದ ಧಾರವಾಡಕ್ಕೆ ಹೋಗುವ ಬಸ್ಸಿನಲ್ಲಿ ಒಬ್ಬ ಹುಡುಗಿ ನನ್ನ ಪಕ್ಕ ಬಂದು ನಿಂತು, "ಒಂಚೂರು ಸರೀರಿ" ಎಂದಳು. ಮೂವರು ಕೂಡುವ ಸೀಟಿನಲ್ಲಿ ನಾನು ಇಬ್ಬರ ಜಾಗ ಹಿಡಿದು ಕುಳಿತಿದ್ದೆ. ನನ್ನ ಗಾತ್ರದ ಬಗ್ಗೆ ನಮ್ಮ ಮನೆಯಲ್ಲಿ ಆಗಾಗ ಚರ್ಚೆ ನಡೆಯುತ್ತದೆ, ಅದರಲ್ಲಿ ನನ್ನ ಅಭಿಪ್ರಾಯವನ್ನು ಯಾರೂ ಕೇಳುವುದಿಲ್ಲ. ಕಿಟಕಿಯ ಕಡೆ ಸರಿದೆ. ಹುಡುಗಿ ತನ್ನ ಗೆಳತಿಯನ್ನೂ ಕೂಡಿಸಿಕೊಂಡು ಅವಳ ಕಿವಿಯಲ್ಲಿ, "ನೋಡಲೇ, ಗುಡ್ಡ ಸರೀತು" ಎಂದು ನಕ್ಕಳು. ನನಗೆ ಕೇಳಿಸಿತು. ಬೇರೆಯವರಾಗಿದ್ದರೆ ಸಿಟ್ಟಾಗುತ್ತಿದ್ದರೋ ಏನೋ. ನನಗೆ ಮಾತ್ರ ಎದೆ ಒಂದು ಗೇಣು ಉಬ್ಬಿತು. ಯಾಕೆಂದು ನಿಮಗೆ ತಿಳಿಯಬೇಕಾದರೆ ನಮ್ಮ ಚಿಗವ್ವನ ಸುದ್ದಿ ಹೇಳಬೇಕು. ಧಾರವಾಡ ಬರಲು ಇನ್ನೂ ಹೊತ್ತಿದೆ, ಕೇಳಿ.

ಚಿಗವ್ವ ಎಂದರೆ ನನ್ನ ಅವ್ವನ ತಂಗಿ, ನೀಲವ್ವ. ಗೋಪನಕೊಪ್ಪದಲ್ಲಿ ಮಗ, ಸೊಸೆ, ಮೊಮ್ಮಗಳ ಜೊತೆ ಇದ್ದಾಳೆ. ವಯಸ್ಸು ಎಷ್ಟು ಎಂದು ಕೇಳಿದರೆ "ನಿನಗಿಂತ ಹೆಚ್ಚು" ಎನ್ನುತ್ತಾಳೆ. ಅವಳಿಗೊಂದು ವಿಚಿತ್ರ ಚಟ. ಮನೆಯಲ್ಲಿ ಯಾರಾದರೂ ಪೇಪರು ಹಿಡಿದು ಕುಳಿತರೆ ಎದುರಿಗೆ ಬಂದು ಕೂಡುತ್ತಾಳೆ. ತಲೆಕೆಳಗಾಗಿ ಕಾಣುವ ಅಕ್ಷರಗಳನ್ನು ಅವರಿಗಿಂತ ಮೊದಲೇ ಓದಿ ಮುಗಿಸಿ, "ಪುಟಾ ತಿರುವೋ" ಎಂದು ಅವಸರ ಮಾಡುತ್ತಾಳೆ. ಅವಳ ಮಗ ಸುದ್ದಿಯನ್ನೆಲ್ಲ ಮೊಬೈಲಿನಲ್ಲೇ ಓದತೊಡಗಿದ್ದು ಇದೇ ಕಾಟಕ್ಕೆ ಎಂದು ನನ್ನ ಗುಮಾನಿ.

ಈ ಚಟ ಸುಮ್ಮನೆ ಬಂದದ್ದಲ್ಲ. ಹಳೇ ಹುಬ್ಬಳ್ಳಿಯ ಒಂದು ಓಣಿಯ ಪ್ರೆಸ್ಸಿನಲ್ಲಿ ಅವಳು ವರ್ಷಾನುಗಟ್ಟಲೆ ಮೊಳೆ ಜೋಡಿಸುತ್ತಿದ್ದಳು. ಸೀಸದ ಅಕ್ಷರಗಳನ್ನು ಖಾನೆಗಳಿಂದ ಒಂದೊಂದಾಗಿ ಎತ್ತಿ ಎಡಗೈಯಲ್ಲಿ ಹಿಡಿದ ಕಬ್ಬಿಣದ ಪಟ್ಟಿಯೊಳಗೆ ಸಾಲಾಗಿ ನಿಲ್ಲಿಸುವ ಕೆಲಸ. ಅಲ್ಲಿ ಅಕ್ಷರಗಳು ನಿಲ್ಲುವುದೇ ತಲೆಕೆಳಗಾಗಿ. ಜೋಡಿಸುವಾಗ ಪ್ರತಿಯೊಂದು ಮಾತನ್ನೂ ಅವಳು ತುಟಿಯೊಳಗೇ ಅನ್ನುತ್ತಿದ್ದಳು. ಸಂಜೆ ಮನೆಗೆ ಬಂದರೆ ಸೀರೆಯ ಸೆರಗಿಗೆಲ್ಲ ಸೀಮೆಎಣ್ಣೆಯ ವಾಸನೆ. ಮೊಳೆಗಳನ್ನು ಅದರಲ್ಲೇ ತೊಳೆಯುತ್ತಿದ್ದರಂತೆ.

ಆ ಪ್ರೆಸ್ಸಿನಲ್ಲಿ ಹೆಚ್ಚಾಗಿ ಅಚ್ಚಾಗುತ್ತಿದ್ದದ್ದು ಲಗ್ನಪತ್ರಿಕೆಗಳು ಮತ್ತು ಊರ ನಾಟಕದ ಪುಸ್ತಕಗಳು. ನಮ್ಮ ಕಡೆಯ ನಾಟಕ ಎಂದ ಮೇಲೆ ಕೇಳಬೇಕೆ? ರಾಜನಿಗೂ ಬರ್ರಿ, ಕಳ್ಳನಿಗೂ ಕೂಡ್ರಿ. ಕೊಲ್ಲಲು ಬಂದವನೂ ಮೊದಲು "ಯಾಕ್ರಿ, ಆರಾಮ ಅದೀರೇನ್ರಿ" ಎಂದು ಕೇಳಿಯೇ ಕತ್ತಿ ಎತ್ತಬೇಕು. ಹಾಗಾಗಿ 'ರಿ' ಅಕ್ಷರದ ಖಾನೆ ಎಲ್ಲಕ್ಕಿಂತ ಮೊದಲು ಖಾಲಿಯಾಗುತ್ತಿತ್ತು. "ಕಣ್ಣ ಮುಚ್ಚಿದ್ರೂ ಕೈ ಅಲ್ಲೇ ಹೋಗ್ತಿತ್ತು" ಎಂದು ಚಿಗವ್ವ ಈಗಲೂ ಹೇಳುತ್ತಾಳೆ.

ಅಂಥ ಪ್ರೆಸ್ಸಿಗೆ ಹೆಬ್ಬಳ್ಳಿಯ ಕಡೆಯ ಒಬ್ಬ ಸಾಲಿ ಮಾಸ್ತರರು ಒಂದು ಕಾದಂಬರಿಯ ಹಸ್ತಪ್ರತಿ ತಂದುಕೊಟ್ಟರು. ಅದೇ 'ಮುಗಿಲಗುಡ್ಡ'. ನಮ್ಮ ಕಡೆ ಅದನ್ನು ಓದದೆ ದೊಡ್ಡವರಾದವರು ಕಡಿಮೆ. ಓದದವರಿಗಾಗಿ ಇಷ್ಟು ಹೇಳುತ್ತೇನೆ. ಒಂದು ಊರಿನ ಎಲ್ಲರ ದನಿಯೂ ಕಳೆದುಹೋಗಿ ಗುಡ್ಡದ ಆಚೆ ಸೇರಿಕೊಂಡಿರುತ್ತದೆ. ದನಿ ಉಳಿದದ್ದು ಆ ದಿನ ಊರಲ್ಲಿಲ್ಲದ ಚೆನ್ನಿ ಎಂಬ ಹುಡುಗಿಗೆ ಮಾತ್ರ. ವೀರರು ಕತ್ತಿ ಹಿಡಿದು ಹೋಗುತ್ತಾರೆ, ಗುಡ್ಡ ಸರಿಯುವುದಿಲ್ಲ. ಮಂತ್ರವಾದಿಗಳು ಕೈಸನ್ನೆಯಲ್ಲೇ ಮಾಟ ಮಾಡುತ್ತಾರೆ, ಸರಿಯುವುದಿಲ್ಲ. ಕೊನೆಗೆ ಚೆನ್ನಿ ತಲೆಯ ಮೇಲೆ ರೊಟ್ಟಿ ಬುತ್ತಿ ಹೊತ್ತು ಹೋಗಿ ಗುಡ್ಡದ ಮುಂದೆ ನಿಂತು ಒಂದೇ ಮಾತು ಹೇಳುತ್ತಾಳೆ. ಗುಡ್ಡ ಸರಿದು ದಾರಿ ಬಿಡುತ್ತದೆ.

ಮಾಸ್ತರರು ಬರೆದ ಆ ಒಂದು ಮಾತು, "ಸರಿ!" ಅಪ್ಪಣೆ ಕೊಟ್ಟ ಹಾಗೆ. ಚಿಗವ್ವ ಜೋಡಿಸಿದ್ದು, "ಸರೀರಿ."

ತಪ್ಪು ಪ್ರೂಫಿನಲ್ಲಿ ಸಿಕ್ಕಿತು. ಮಾಸ್ತರರು ಕಾಗದ ಹಿಡಿದುಕೊಂಡು ಪ್ರೆಸ್ಸಿಗೆ ಬಂದು, "ಈ ಪುಟಾ ಜೋಡಿಸಿದವರು ಯಾರ್ರಿ?" ಎಂದು ಕೇಳಿದಾಗ ಮಾಲಕರು ಚಿಗವ್ವನ ಕಡೆ ಬೆರಳು ಮಾಡಿದರಂತೆ. ಕೆಲಸಕ್ಕೆ ಸೇರಿ ಇನ್ನೂ ಆರು ತಿಂಗಳಾಗಿರಲಿಲ್ಲ. ಕೆಲಸ ಹೋಯಿತೆಂದೇ ಅವಳು ತಿಳಿದಳು.

"ತಪ್ಪಾತ್ರಿ ಸರ. ಬಾಯಾಗ ಇದ್ದದ್ದು ಕೈಯಾಗ ಬಂತ್ರಿ" ಎಂದಳಂತೆ. "ಅಷ್ಟು ದೊಡ್ಡ ಗುಡ್ಡಕ್ಕ, ಅಷ್ಟು ಸಣ್ಣ ಹುಡುಗಿ, ರೀ ಹಚ್ಚದಽ ಹೆಂಗ ಮಾತಾಡಬೇಕ್ರಿ?"

ಮಾಸ್ತರರು ಆ ಸಾಲನ್ನು ಮತ್ತೊಮ್ಮೆ ಓದಿದರು. ಆಮೇಲೆ ಜೇಬಿನಿಂದ ಪೆನ್ನು ತೆಗೆದು, ತಪ್ಪನ್ನು ತಿದ್ದದೆ, ಅದರ ಕೆಳಗೆ ಹೊಸದಾಗಿ ಒಂದು ಸಾಲು ಬರೆದರು: 'ಗುಡ್ಡಕ್ಕೆ ಅಲ್ಲಿಯ ತನಕ ಯಾರೂ ರೀ ಹಚ್ಚಿ ಮಾತಾಡಿರಲಿಲ್ಲ.' ಕಾಗದವನ್ನು ಚಿಗವ್ವನ ಕೈಗೇ ಕೊಟ್ಟು, "ಇದನ್ನೂ ಜೋಡಿಸಿ ಬಿಡ್ರಿ, ತಂಗಿ" ಎಂದರು. ಅಲ್ಲಿಯ ತನಕ ಪ್ರೆಸ್ಸಿನಲ್ಲಿ ಅವಳಿಗೂ ಯಾರೂ ರೀ ಹಚ್ಚಿರಲಿಲ್ಲವಂತೆ.

ಆ ಸಾಲು ಎಷ್ಟು ಹೆಸರಾಯಿತೆಂದರೆ ಕಾಲೇಜಿನ ಹುಡುಗರು ಅದನ್ನು ಡೆಸ್ಕಿನ ಮೇಲೆ ಕೊರೆದರು. ವ್ಯಾಕರಣದ ಪ್ರಾಧ್ಯಾಪಕರೊಬ್ಬರು ಆ ಒಂದು ರೀ ಮೇಲೆ ಉದ್ದನೆಯ ಲೇಖನ ಬರೆದು, ಅದರಲ್ಲಿ ಇಡೀ ವಿಶ್ವದ ವಿನಯ ಅಡಗಿದೆ ಎಂದರು. ನಾನು ಸಾಲಿಯಲ್ಲಿ, "ಅದು ನಮ್ಮ ಚಿಗವ್ವ ಮಾಡಿದ ತಪ್ಪು" ಎಂದು ಹೇಳಿದಾಗ ಇಡೀ ತರಗತಿ ನಕ್ಕಿತು. ಮರುದಿನದಿಂದ ಯಾರೇ ಕಾಗುಣಿತ ತಪ್ಪಿದರೂ, "ಇವರ ಚಿಗವ್ವನ ಕೆಲಸ" ಎನ್ನತೊಡಗಿದರು. ಆಮೇಲೆ ನಾನು ಆ ವಿಷಯ ಎತ್ತಲಿಲ್ಲ. ನಿಜ ಹೇಳಬೇಕೆಂದರೆ, ನನಗೇ ಅರ್ಧ ಅನುಮಾನ ಬಂದಿತ್ತು. ಈಗ ಅದನ್ನು ನೆನೆದರೆ ನಾಚಿಕೆಯಾಗುತ್ತದೆ.

ಇಂಥ ಪುಸ್ತಕ ಸಿನಿಮಾ ಆಗುತ್ತದೆ ಎಂಬ ಸುದ್ದಿ ಬಂದಾಗ ಅವಳಿ ನಗರದಲ್ಲಿ ಎದ್ದ ಗದ್ದಲ ನೀವು ನೋಡಬೇಕಿತ್ತು. 'ಮುಗಿಲಗುಡ್ಡ'ದ ಅಭಿಮಾನಿಗಳದ್ದೊಂದು ವಾಟ್ಸಾಪ್ ಗುಂಪಿದೆ, ನಾನೂ ಅದರಲ್ಲಿದ್ದೇನೆ. ಮೊದಲ ಪೋಸ್ಟರ್ ಬಂತು. ಗುಡ್ಡ ಆಲೂಗಡ್ಡೆಯ ಹಾಗಿದೆ ಎಂದು ಹುಬ್ಬಳ್ಳಿಯವರು ಬೈದರು. ಆಲೂಗಡ್ಡೆಗೆ ದೀರ್ಘ ಹಾಕಬೇಕೋ ಬೇಡವೋ ಎಂದು ಧಾರವಾಡದವರು ಎರಡು ದಿನ ವಾದಿಸಿದರು. ಚೆನ್ನಿಯ ತಲೆಯ ಮೇಲೆ ಬುತ್ತಿ ಇರಲಿಲ್ಲ, ಕೈಯಲ್ಲಿ ಕತ್ತಿ ಇತ್ತು. "ರೊಟ್ಟಿ ಎಲ್ಲಿ ಹೋದ್ವು?" ಎಂದು ಒಬ್ಬರು ದಿನಾ ಬೆಳಿಗ್ಗೆ ಗುಡ್ ಮಾರ್ನಿಂಗ್ ಬದಲು ಅದನ್ನೇ ಕಳಿಸುತ್ತಿದ್ದರು.

ಆಮೇಲೆ ಟ್ರೇಲರ್ ಬಂತು. ಅದರ ಕೊನೆಗೆ ನಗಾರಿಯ ಸದ್ದಿನ ನಡುವೆ ಚೆನ್ನಿ ಕೈ ಎತ್ತಿ, ಗುಡುಗಿ, "ಪರ್ವತವೇ... ಸರಿ!" ಎಂದಳು.

"ಏನ್ ಸರಿ? ಏನೂ ಸರಿ ಇಲ್ಲ!" ಎಂದು ಗುಂಪಿನಲ್ಲಿ ಒಬ್ಬರು ಹಾಕಿದರು. ಆ ದಿನ ಮೊಬೈಲು ಸುಮ್ಮನಾಗಲೇ ಇಲ್ಲ.

ನನಗೆ ಚಿಂತೆಯಾದದ್ದು ಚಿಗವ್ವನದು. ಆಯುಷ್ಯವೆಲ್ಲ ಬೇರೆಯವರ ಮಾತು ಜೋಡಿಸಿದವಳಿಗೆ ತನ್ನದು ಎಂದು ಇದ್ದದ್ದು ಅದೊಂದೇ ಅಕ್ಷರ, ಅದನ್ನೂ ಕಿತ್ತು ಹಾಕಿದ್ದಾರೆ. ಸಿನಿಮಾಕ್ಕೆ ಬರುವುದು ಬೇಡ ಎಂದು ಸುತ್ತಿ ಬಳಸಿ ಹೇಳಿನೋಡಿದೆ. ಥೇಟರಿನಲ್ಲಿ ಎ.ಸಿ. ಬಹಳ ಎಂದೆ, ಮೆಟ್ಟಿಲು ಬಹಳ ಎಂದೆ.

"ಟ್ರೇಲರ್ ನಾನೂ ನೋಡೇನಿ" ಎಂದಳು. "ಮೊಮ್ಮಗಳು ತೋರಿಸ್ಯಾಳ. ನನ್ನ ಅಕ್ಷರಾ ಕಳದೈತಿ, ಗೊತ್ತೈತಿ. ಆದ್ರೂ ಒಮ್ಮೆ ನೋಡಿ ಬರ್ತೇನಿ ನಡಿ. ಪ್ರೂಫ್ ನೋಡದಽ ಬಿಡೂ ಪದ್ಧತಿ ನಂದಲ್ಲ."

ಮೊದಲ ದಿನದ ಬೆಳಗಿನ ಆಟಕ್ಕೆ ಹೋದೆವು. ಥೇಟರು ತುಂಬಿ ತುಳುಕುತ್ತಿತ್ತು. ಪುಸ್ತಕ ತಂದವರೂ ಇದ್ದರು, ರೊಟ್ಟಿ ಬುತ್ತಿ ಕಟ್ಟಿಕೊಂಡು ಬಂದವರೂ ಇದ್ದರು. ಸಿನಿಮಾ ಕೆಟ್ಟದ್ದೇನಲ್ಲ, ಗುಡ್ಡವನ್ನೂ ಅಷ್ಟಿಷ್ಟು ತಿದ್ದಿದ್ದರು. ದನಿ ಕಳೆದುಕೊಂಡ ಊರಿನ ಭಾಗದಲ್ಲಿ ನನಗೂ ಕಣ್ಣು ಒದ್ದೆಯಾಯಿತು. ಕೊನೆಗೆ ಆ ಜಾಗ ಬಂತು. ಚೆನ್ನಿ ಗುಡ್ಡದ ಮುಂದೆ ನಿಂತಳು, ಕೈ ಎತ್ತಿದಳು. ನಗಾರಿ ನಿಂತಿತು. ನಿರ್ದೇಶಕರು ಅಲ್ಲೊಂದು ಉದ್ದನೆಯ ಮೌನ ಇಟ್ಟಿದ್ದರು.

ಅಷ್ಟರಲ್ಲಿ ಮುಂದಿನ ಸಾಲಿನಿಂದ ಒಬ್ಬ ಹೆಣ್ಣುಮಗಳು, ಮನೆಯ ಮಗುವಿಗೆ ಹೇಳುವ ಹಾಗೆ, "ರೀ ಹಚ್ಚಿ ಅನ್ನು, ನಮ್ಮವ್ವಾ" ಎಂದಳು.

ಮರುಕ್ಷಣ ಇಡೀ ಥೇಟರು ಒಂದೇ ದನಿಯಲ್ಲಿ, "ಸರೀರಿ!" ಎಂದಿತು. ಪರದೆಯ ಮೇಲಿನ ಚೆನ್ನಿ ಏನಂದಳೋ ಯಾರಿಗೂ ಕೇಳಿಸಲಿಲ್ಲ. ಗುಡ್ಡ ಮಾತ್ರ ಸರಿಯಿತು. ಯಾರ ಮಾತಿಗೆ ಸರಿಯಿತು, ನೀವೇ ಹೇಳಿ.

ನಾನು ಚಿಗವ್ವನ ಕಡೆ ತಿರುಗಿದೆ. ಅವಳು ಕೂಗಿರಲಿಲ್ಲ, ತುಟಿ ಮಾತ್ರ ಅಲುಗುತ್ತಿತ್ತು. ಮಡಿಲಲ್ಲಿದ್ದ ಬಲಗೈಯ ಬೆರಳುಗಳು ಗಾಳಿಯಿಂದ ಒಂದು ಮೊಳೆ ಎತ್ತಿ ಎಡಗೈಯಲ್ಲಿ ಇಟ್ಟವು. ಸಾಲಿಯಲ್ಲಿ ನಕ್ಕವರೆಲ್ಲ ಅಲ್ಲಿರಬೇಕಿತ್ತು ಅನ್ನಿಸಿತು.

ಆಟ ಬಿಟ್ಟ ಮೇಲೆ ಬಾಗಿಲ ಹತ್ತಿರ ಜನ ಗುಂಪು ಕಟ್ಟಿ ನಿಂತಿದ್ದರು. ಒಬ್ಬ ತರುಣ, "ಆ ಒಂದು ರೀ ಹಚ್ಚಾಕ ಮಾಸ್ತರರು ಎಷ್ಟು ತಲಿ ಓಡ್ಸಿರಬೇಕಲ್ಲೋ!" ಎನ್ನುತ್ತಿದ್ದ. ನಾನು ಬಾಯಿ ತೆರೆದೆ. ಚಿಗವ್ವ ತೋಳು ಚಿವುಟಿದಳು.

"ಸುಮ್ನಿರು."

"ಯಾಕ ಚಿಗವ್ವಾ? ಅದು ನಿಂದಲ್ಲೇನು?"

"ಇಷ್ಟು ಮಂದಿ ಬಾಯಾಗ ಐತಿ. ಈಗ ಅದು ನಂದು ಅಂದ್ರ ಅವರಿಂದ ಕಸ್ಕೊಂಡ್ಹಂಗ ಆಗೂದಿಲ್ಲೇನು?"

ಆಮೇಲೆ ಅವಳು ಗುಂಪಿನ ಮುಂದೆ ಹೋಗಿ ನಿಂತಳು. ಅವರ ಎದೆಯಷ್ಟೂ ಎತ್ತರವಿಲ್ಲ. "ಒಂಚೂರು ಸರೀರಿ" ಎಂದಳು. ಎಲ್ಲರೂ ಹೋ ಎಂದು ನಕ್ಕು, ಇಬ್ಭಾಗವಾಗಿ ದಾರಿ ಬಿಟ್ಟರು. ಆ ತರುಣ ಗುಡ್ಡದ ಹಾಗೆ ಗುಡುಗುಡು ಸದ್ದು ಮಾಡಿ, "ಬರ್ರಿ ಅಜ್ಜಿ, ಬರ್ರಿ" ಎಂದ. ಚಿಗವ್ವ ಸೆರಗು ಸರಿಮಾಡಿಕೊಂಡು, ಅತ್ತ ಇತ್ತ ನೋಡದೆ ನಡುವೆ ನಡೆದು ಹೋದಳು. ಯಾರ ಮುಂದೆ ಸರಿದೆವೆಂದು ಅವರಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ.

ನೋಡಿ, ಮಾತಾಡುತ್ತ ಧಾರವಾಡ ಬಂದೇಬಿಟ್ಟಿತು. ಕಿಟಕಿಯ ಕಡೆಯಿಂದ ಹೊರಗೆ ಬರಬೇಕಾದರೆ ನಾನು ಆ ಇಬ್ಬರು ಹುಡುಗಿಯರನ್ನು ದಾಟಬೇಕಿತ್ತು. ಆ ರೀ ನಮ್ಮ ಚಿಗವ್ವನದೆಂದು ಹೇಳಿಬಿಡಲೇ ಎಂದು ನಾಲಿಗೆ ತುದಿಯ ತನಕ ಬಂತು, ನುಂಗಿಕೊಂಡೆ. ಹೈಸ್ಕೂಲಿನ ಮಕ್ಕಳು, ನನ್ನ ಕಾಲು ಭಾಗ ವಯಸ್ಸು. ಆದರೂ ಚಿಗವ್ವ ಜೋಡಿಸಿದ ಹಾಗೆಯೇ, ದೀರ್ಘವನ್ನೂ ಬಿಡದೆ, "ಒಂಚೂರು ಸರೀರಿ" ಎಂದೆ.

ಇಬ್ಬರೂ ದಡಕ್ಕನೆ ಎದ್ದು ನಿಂತರು.