ದೆವ್ವದಕ್ಕನ ಮೂರು ನಿಮಿಷ

ಆ ಗ್ರಂಥಾಲಯಕ್ಕೆ ಪುಸ್ತಕಕ್ಕಾಗಿ ಬರುವವರಿಗಿಂತ ದೆವ್ವಕ್ಕಾಗಿ ಬರುವವರೇ ಹೆಚ್ಚು ಎಂದು ಅಲ್ಲಿಯ ಮುಖ್ಯಸ್ಥರಿಗೆ ಹೊಟ್ಟೆಯುರಿ. ಉರಿದರೆ ಉರಿಯಲಿ ಬಿಡಿ. ಮೊದಲ ಮಹಡಿಯ ಮೂಲೆಯಲ್ಲಿ, ಜೆರಾಕ್ಸ್ ಮಿಷನ್ನಿನ ಪಕ್ಕ, ಸಿನಿಮಾ ಡಿಸ್ಕುಗಳ ಒಂಬತ್ತು ಕಪಾಟುಗಳಿವೆ. ಅದರಲ್ಲಿ ನಾಲ್ಕು ಬರೀ ಭಯದವು. ಅವುಗಳ ಮುಂದೆ ಮೇಜು ಹಾಕಿಕೊಂಡು ಕೂರುವ ಹೆಂಗಸಿಗೆ ಐವತ್ತಾರು ವರ್ಷ, ದಪ್ಪ ಕನ್ನಡಕ, ಎರಡೂ ಮೊಣಕಾಲಲ್ಲಿ ನೋವು. ಹೆತ್ತವರು ಇಟ್ಟ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದಿದೆ. ಮಿಕ್ಕಂತೆ ಎಲ್ಲರಿಗೂ ಅವಳು ದೆವ್ವದಕ್ಕ.

"ಏನಾದ್ರೂ ಭಯಂಕರವಾದ್ದು ಕೊಡಿ" ಎಂದು ಬಂದವರಿಗೆ ದೆವ್ವದಕ್ಕ ತಟ್ಟನೆ ಡಿಸ್ಕು ಎತ್ತಿ ಕೊಡುವವಳಲ್ಲ. ಯಾರ ಜೊತೆ ಕೂತು ನೋಡ್ತೀರಿ? ಮನೇಲಿ ಬಸುರಿ ಬಾಣಂತಿ ಇದ್ದಾರಾ? ಈಚೆಗೆ ಯಾರಾದ್ರೂ ತೀರಿಕೊಂಡ್ರಾ? ಇಷ್ಟು ಕೇಳಿದ ಮೇಲೆಯೇ ಅವಳ ಕೈ ಕಪಾಟಿನ ಕಡೆ ಹೋಗುವುದು. ಹೊಸಬರಿಗೆ ಯಾವತ್ತೂ ಮೊದಲು ನಗಿಸುವ ರಕ್ತವನ್ನೇ ಕೊಡುತ್ತಾಳೆ. ಒಬ್ಬ ಕ್ಷೌರಿಕನ ಅಂಗಡಿಯಲ್ಲಿ ಗಿರಾಕಿಗಳ ತಲೆಗಳೇ ಅದಲುಬದಲಾಗಿ, ಸಿಡುಕ ಮೇಷ್ಟ್ರ ತಲೆ ಕಟುಕನ ಕತ್ತಿನ ಮೇಲೆ ಕೂತು, ಕುರಿ ಕಡಿಯುತ್ತಾ ಮಗ್ಗಿ ಒಪ್ಪಿಸುವ ಸಿನಿಮಾ ಒಂದಿದೆ. ಬಕೆಟ್‌ಗಟ್ಟಲೆ ರಕ್ತ. "ಅದನ್ನ ನೋಡಿ ನಗು ಬಂದ್ರೆ ಮುಂದಿನ ಕಪಾಟಿಗೆ ಬನ್ನಿ. ವಾಂತಿ ಬಂದ್ರೆ ಕೆಳಗಡೆ ಪ್ರವಾಸ ಕಥನ ಇದೆ, ಓದ್ಕೊಳ್ಳಿ" ಎನ್ನುತ್ತಾಳೆ. ನಕ್ಕವರಿಗೆ ಮನೆ ಬಿಟ್ಟು ಹೋಗದ ದೆವ್ವಗಳು. ಅವೂ ಅರಗಿದವರಿಗೆ ಕೊನೆಯ ಕಪಾಟು, ಪರದೇಶದವು. ಅಲ್ಲಿ ಒಂದು ಬಾಗಿಲು ತೆರೆಯಲು ಹತ್ತು ನಿಮಿಷ ಹಿಡಿಯುತ್ತದೆ, ತೆರೆದ ಮೇಲೆ ಒಂದು ವಾರ ನಿದ್ದೆ ಹತ್ತುವುದಿಲ್ಲ.

ಅವಳ ನಿಜವಾದ ಹೆಚ್ಚುಗಾರಿಕೆ ಇದಲ್ಲ, ಚೀಟಿ. ಪ್ರತಿ ಡಿಸ್ಕಿನ ಡಬ್ಬಿಯೊಳಗೆ ಅವಳದೇ ಕೈಬರಹದ ಒಂದು ಚೀಟಿ ಅಂಟಿರುತ್ತದೆ. "ಮೂವತ್ತೊಂದನೇ ನಿಮಿಷ ಕಣ್ಣು ಮುಚ್ಚಿ, ಮೂವತ್ತಮೂರಕ್ಕೆ ತೆರೆಯಿರಿ. ಬೆಕ್ಕಿಗೆ ಏನೂ ಆಗುವುದಿಲ್ಲ, ಹೆದರಬೇಡಿ." ಕೆಲವರಿಗೆ ಹಲ್ಲು ಕೀಳುವುದು ಆಗದು, ಕೆಲವರಿಗೆ ಸೂಜಿ, ಕೆಲವರಿಗೆ ಮಗು ಅಳುವುದು. ಡಿಸ್ಕು ಕಪಾಟಿಗೆ ಏರುವ ಮುಂಚೆ ಗಡಿಯಾರ ಎದುರಿಗಿಟ್ಟುಕೊಂಡು ಕೊನೆಯವರೆಗೂ ನೋಡಿಯೇ ಅವಳು ಚೀಟಿ ಬರೆಯುವುದು. ಹನ್ನೊಂದು ವರ್ಷದಲ್ಲಿ ಒಂದೇ ಒಂದು ಚೀಟಿ ತಪ್ಪಿರಲಿಲ್ಲ. ಇದರ ಬಗ್ಗೆ ಅವಳಿಗೆ ಜಂಬ ಇತ್ತು. ಇರಬೇಕಾದ್ದೇ.

ಆ ಚೀಟಿಗಳನ್ನು ನಂಬಿ ಬದುಕಿಗೆ ಮರಳಿದವಳು ಒಬ್ಬಳಿದ್ದಳು, ಬಟ್ಟೆ ಹೊಲಿಯುವವಳು. ಒಂಬತ್ತು ವರ್ಷದ ಹಿಂದೆ ಅವಳೂ ದೆವ್ವದಕ್ಕನೂ ಒಂದೇ ಕಟ್ಟಡದಲ್ಲಿ ಅಕ್ಕಪಕ್ಕದ ಮನೆಯವರು. ಹೊಲಿಗೆಯವಳ ಗಂಡ ಪಂಪ್ ರಿಪೇರಿಯವನು. ಒಂದು ಮಧ್ಯಾಹ್ನ ಕೆರೆಯ ಪಂಪು ನೋಡಲು ಹೋದವನು ಕಾಲು ಜಾರಿ ನೀರಿಗೆ ಬಿದ್ದ. ಎತ್ತಿದ್ದು ಮೂರನೇ ದಿನ. ದಡದಲ್ಲಿ ನೆಂಟರೆಲ್ಲ ಹೆಂಡತಿಯನ್ನು ಹಿಂದಕ್ಕೆ ಎಳೆದರು, ದೆವ್ವದಕ್ಕನಂತೂ ಎರಡೂ ಅಂಗೈಯಿಂದ ಅವಳ ಕಣ್ಣು ಗಟ್ಟಿಯಾಗಿ ಮುಚ್ಚಿದಳು. "ನೋಡ್ಬೇಡ ಕಣೇ, ನೋಡ್ಬೇಡ." ಅಷ್ಟೇ. ಆಮೇಲೆ ಶವಪೆಟ್ಟಿಗೆ ಮುಚ್ಚಿತು.

ಮುಂದಿನ ಎರಡು ವರ್ಷ ಹೊಲಿಗೆಯವಳು ಬಾಗಿಲು ಹಾಕಿಕೊಂಡು ಕೂತಳು. ಅಳಲಿಲ್ಲ, ಮಾತಾಡಲಿಲ್ಲ. ಮಿಷನ್ನಿನ ಮೇಲೆ ಧೂಳು ಕೂತಿತು, ಮೈ ಕಡ್ಡಿಯಾಯಿತು. ಕೊನೆಗೆ ದೆವ್ವದಕ್ಕ, ಆದದ್ದಾಗಲಿ ಎಂದು, ಆ ತಲೆ ಅದಲುಬದಲಿನ ಸಿನಿಮಾ ತಂದು ಹಾಕಿದಳು. ಮೇಷ್ಟ್ರ ತಲೆ ಮಗ್ಗಿ ಹೇಳುವಾಗ ಹೊಲಿಗೆಯವಳು ಫಕ್ಕನೆ ನಕ್ಕಳು. ನಗು ಅಳುವಾಯಿತು, ಅಳು ಊಟವಾಯಿತು, ಮಾರನೇ ದಿನ ಮಿಷನ್ನಿನ ಸದ್ದು ಕೇಳಿಸಿತು. ಅಲ್ಲಿಂದ ಪ್ರತಿ ಶನಿವಾರ ಒಂದು ಸಿನಿಮಾ. ಒಂದೇ ಒಂದು ಕರಾರು. "ಸತ್ತವರು ಎಷ್ಟು ಜನ ಬೇಕಾದ್ರೂ ಎದ್ದು ಬರ್ಲಿ ಅಕ್ಕಾ. ನೀರಿಂದ ಮಾತ್ರ ಬೇಡ."

ಹಾಗಿದ್ದ ಮೇಲೆ ಒಂದು ಶನಿವಾರ ದೆವ್ವದಕ್ಕ ಅವಳಿಗೆ ಪರದೇಶದ ಒಂದು ದ್ವೀಪದ ಸಿನಿಮಾ ಯಾಕೆ ಕೊಟ್ಟಳು ಎಂದು ನೀವು ಕೇಳಬಹುದು. ಜಂಬ, ಇನ್ನೇನು! ಅದು ಕೊನೆಯ ಕಪಾಟಿನ ರತ್ನ. ಸತ್ತ ಮೀನುಗಾರನೊಬ್ಬ ದಿನಾ ಸಂಜೆ ಮನೆಗೆ ಬಂದು, ಏನೂ ಆಗಿಲ್ಲವೆಂಬಂತೆ ಹೆಂಡತಿಯ ಎದುರು ಕೂರುವ ಕಥೆ. ಅಂಥ ಸಿನಿಮಾ ನೋಡದೆ ಹೊಲಿಗೆಯವಳು ಇರಬಾರದು ಎಂದು ದೆವ್ವದಕ್ಕನ ಆಸೆ.

"ಒಂದೇ ಕಡೆ ನೀರಿದೆ ಕಣೇ, ಮೂರೇ ನಿಮಿಷ. ಐವತ್ತೆಂಟಕ್ಕೆ ಮುಚ್ಚು, ಅರವತ್ತೊಂದಕ್ಕೆ ತೆಗಿ. ಮಿಕ್ಕಿದ್ದು ನನಗೆ ಬಿಡು" ಎಂದಳು ಆ ಶನಿವಾರ ಬೆಳಿಗ್ಗೆ.

"ನೀವು ಹೇಳಿದ ಮೇಲೆ ಇನ್ನೇನು ಅಕ್ಕಾ" ಎಂದು ಹೊಲಿಗೆಯವಳು ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡು ಹೋದಳು.

ಅದೇ ದಿನ ಮಧ್ಯಾಹ್ನ ಮೂರೂ ಮೂವತ್ತೈದು. ಔಷಧಿ ಅಂಗಡಿಯವನಿಗೆ ಪರದೇಶದ ಸಿನಿಮಾ ಬೇಕಿತ್ತು. "ರಕ್ತ ನೋಡಿ ನೋಡಿ ಸಾಕಾಗಿದೆ, ಬರೀ ಭಯ ಕೊಡಿ" ಎಂದು ಅವನು ಮೇಜಿಗೆ ಒರಗಿದ್ದ. ದ್ವೀಪದ ಸಿನಿಮಾವನ್ನು ಅವನ ಹೆಸರಿಗೆ ಕಾಯ್ದಿರಿಸಲು ದೆವ್ವದಕ್ಕ ಅದರ ಕಾರ್ಡು ಎಳೆದಳು. ಹಳೆಯ ಡಿಸ್ಕು ಗೀಚಿ ಹಾಳಾಗಿ, ಹೋದ ವಾರವಷ್ಟೇ ಹೊಸದು ಬಂದಿತ್ತು. ಕಾರ್ಡಿನ ಮೇಲೆ ಮುಖ್ಯಸ್ಥರ ಅಕ್ಷರದಲ್ಲಿ ಹೊಸ ಅಳತೆ: ನೂರ ನಾಲ್ಕು ನಿಮಿಷ. ಅದರ ಕೆಳಗೆ ಹೊಡೆದುಹಾಕಿದ್ದ ಹಳೆಯದು: ತೊಂಬತ್ತೆಂಟು.

"ಈ ಆರು ನಿಮಿಷ ಎಲ್ಲಿಂದ ಬಂತು?" ಎಂದಳು ಅವಳು.

"ಓ, ಅದಾ? ಮೊದಲು ಕತ್ತರಿಸಿ ಬಿಟ್ಟಿದ್ರಂತೆ. ಈಗ ಪೂರ್ತಿ ಹಾಕಿದ್ದಾರೆ" ಎಂದ ಔಷಧಿಯವನು. "ಶುರುವಿನಲ್ಲೇ ಮೀನುಗಾರನ ಹೆಂಡತಿ ಬಲೆ ಹೆಣೆಯೋದು ಮೂರು ನಿಮಿಷ ಜಾಸ್ತಿ ಇದೆ ಅಂತ ಎಲ್ಲೋ ಓದಿದ್ದೆ."

ದೆವ್ವದಕ್ಕ ಕಾರ್ಡನ್ನು ಕೆಳಗಿಟ್ಟಳು. ಹೋದ ವಾರ ಅವಳಿಗೆ ಜ್ವರವಿತ್ತು. ಹನ್ನೊಂದು ವರ್ಷದಲ್ಲಿ ಮೊದಲ ಸಲ, ಡಿಸ್ಕು ನೋಡದೆ, ಹಳೆಯ ಡಬ್ಬಿಯ ಚೀಟಿಯನ್ನು ಕಿತ್ತು ಹೊಸ ಡಬ್ಬಿಗೆ ಅಂಟಿಸಿದ್ದಳು. ಅದೇ ಸಿನಿಮಾ ತಾನೇ, ಏನು ಮಹಾ, ಎಂದುಕೊಂಡಿದ್ದಳು. ಶುರುವಿಗೆ ಮೂರು ನಿಮಿಷ ಸೇರಿದರೆ ನೀರಿನ ದೃಶ್ಯ ಅರವತ್ತೊಂದಕ್ಕೆ ಶುರು. ಅಂದರೆ ಕಣ್ಣು ತೆರೆ ಎಂದು ಚೀಟಿ ಹೇಳುವ ಕ್ಷಣಕ್ಕೆ ಸರಿಯಾಗಿ. ಬೇಲಿಯೇ ಎದ್ದು ಹೊಲ ಮೇಯುವುದು ಅಂದರೆ ಇದೇ.

ಹೊಲಿಗೆಯವಳು ಶನಿವಾರ ಮೂರು ಹೊಡೆದರೆ ಸಿನಿಮಾ ಹಾಕುವವಳು. ಒಂದು ನಿಮಿಷ ಆಚೆ ಈಚೆ ಇಲ್ಲ. ನಾಲ್ಕು ಗಂಟೆ ಒಂದು ನಿಮಿಷಕ್ಕೆ ಅವಳು ಕಣ್ಣು ತೆರೆಯುತ್ತಾಳೆ. ಮೂರು ದಿನ ನೀರಲ್ಲಿದ್ದ ಗಂಡಸಿನ ಮುಖ ತೆರೆಯ ತುಂಬಾ ಇರುತ್ತದೆ. ಮತ್ತೆ ಬಾಗಿಲು ಹಾಕಿಕೊಂಡರೆ? ಈ ಸಲ ಅದನ್ನು ತೆರೆಸಲು ಯಾವ ಮುಖ ಹೊತ್ತು ಹೋಗುವುದು?

ಫೋನು ಹಚ್ಚಿದಳು. ಹೊಡೆದುಕೊಂಡು ಹೊಡೆದುಕೊಂಡು ನಿಂತಿತು. ಇನ್ನೊಮ್ಮೆ. ಎತ್ತುವುದಿಲ್ಲ, ಹೇಗೆ ಎತ್ತುತ್ತಾಳೆ? "ಸಿನಿಮಾ ನೋಡುವಾಗ ಫೋನು ಇನ್ನೊಂದು ಕೋಣೆಯಲ್ಲಿಡಿ, ಬೆಲ್ಲು ಹೊಡೆದರೂ ಏಳಬೇಡಿ" ಎಂದು ಊರಿಗೆಲ್ಲ ಉಪದೇಶ ಮಾಡಿದವಳು ಯಾರು? ಇದೇ ಮಹಾತಾಯಿ.

"ಎಲ್ಲಿಗೆ ಹೊರಟ್ರಿ? ನನ್ನ ಸಿನಿಮಾ?" ಎಂದ ಔಷಧಿಯವನು.

"ನಿಮ್ಮ ಸಿನಿಮಾ ಹಾಳಾಗಿ ಹೋಗ್ಲಿ!" ಎಂದು ಅವಳು ಚೀಲವನ್ನೂ ತೆಗೆದುಕೊಳ್ಳದೆ ಮೆಟ್ಟಿಲು ಇಳಿದಳು. ಬಾಗಿಲಲ್ಲಿ ಮುಖ್ಯಸ್ಥರು ಬಾಯಿ ತೆರೆದರು. ಅವಳ ಮುಖ ನೋಡಿ ಹಾಗೇ ಮುಚ್ಚಿಕೊಂಡರು.

ಬಸ್ಸು ಸಿಕ್ಕಿತು. ಎರಡು ನಿಲ್ದಾಣ ಸಲೀಸಾಗಿ ಓಡಿ, ರೈಲ್ವೆ ಗೇಟಿನ ಮುಂದೆ ಸುಮ್ಮನೆ ನಿಂತುಬಿಟ್ಟಿತು. ಮೂರೂ ನಲವತ್ತೇಳು. ಗೂಡ್ಸ್ ಗಾಡಿ. ಡಬ್ಬಿಗಳು ಮುಗಿಯುವ ಲಕ್ಷಣವೇ ಇಲ್ಲ. ದೆವ್ವದಕ್ಕ ಇಳಿದಳು. ಡಬ್ಬಿಗಳನ್ನು ಎಣಿಸಿದಳು, ಎಣಿಕೆ ತಪ್ಪಿತು, ಅಯ್ಯೋ ದೇವರೇ ಎಂದಳು. ಹೊಲಿಗೆಯವಳು ಮಧ್ಯೆ ಎದ್ದು ಟೀ ಮಾಡಿಕೊಂಡಿರಲಿ, ಕರೆಂಟು ಹೋಗಿರಲಿ, ಯಾರಾದರೂ ಗಿರಾಕಿ ಬಂದು ಅಳತೆಗೆ ಪೀಡಿಸುತ್ತಿರಲಿ. ಯಾವ ದೇವರಿಗೆ ಹೇಳುತ್ತಿದ್ದೇನೆ ಎಂಬುದೂ ಅವಳಿಗೆ ಗೊತ್ತಿರಲಿಲ್ಲ. ಗೇಟು ಎತ್ತಿದಾಗ ಮೂರೂ ಐವತ್ತೆರಡು. ಬಸ್ಸು ಹೊರಡುವುದನ್ನು ಕಾಯದೆ ಓಡಿದಳು. ಮೊಣಕಾಲು ಬೇಡ ಬೇಡ ಎಂದು ಕೂಗುತ್ತಿತ್ತು. ಬಾಯ್ಮುಚ್ಚು ಎಂದಳು, ಜೋರಾಗಿಯೇ. ಎದುರಿಗೆ ಬರುತ್ತಿದ್ದ ಪೋಸ್ಟ್‌ಮ್ಯಾನ್ ಪಕ್ಕಕ್ಕೆ ಸರಿದು ನಿಂತ.

ಮೂರನೇ ಮಹಡಿ ಹತ್ತಿ ಬಾಗಿಲು ಮುಟ್ಟಿದಾಗ ಗಂಟೆ ನಾಲ್ಕು. ಒಳಗೆ ಸದ್ದಿಲ್ಲ. ಕಣ್ಣು ಮುಚ್ಚುವ ಮೂರು ನಿಮಿಷ ಹೊಲಿಗೆಯವಳು ಟಿವಿಯ ಸದ್ದನ್ನೂ ಆರಿಸಿ, ಅಡಿಗೆಮನೆಯ ಟೈಮರ್ ತಿರುಗಿಸಿ ಇಡುತ್ತಿದ್ದಳು. ದೆವ್ವದಕ್ಕ ಬೆಲ್ಲು ಒತ್ತಿದಳು. ಎರಡೂ ಕೈಯಿಂದ ಬಾಗಿಲು ಬಡಿದಳು.

"ಕಣ್ಣು ತೆಗೀಬೇಡ್ವೇ! ನಾನು ಕಣೇ! ಚೀಟಿ ತಪ್ಪು! ತೆಗೀಬೇಡ!"

ಒಳಗೆ ಟೈಮರ್ ಟ್ರಿಣ್ ಎಂದಿತು.

ದೆವ್ವದಕ್ಕನ ಕೈ ಬಾಗಿಲ ಮೇಲೆಯೇ ನಿಂತಿತು. ಕಿರುಚಾಟ ಕೇಳಿಸುತ್ತದೆಂದು ಕಾದಳು. ಕೇಳಿಸಲಿಲ್ಲ. ಕುರ್ಚಿ ಸರಿದ ಸದ್ದಿಲ್ಲ, ಹೆಜ್ಜೆಯ ಸದ್ದಿಲ್ಲ. ಒಂದು ನಿಮಿಷ ಹೋಯಿತು, ಎರಡು ಹೋಯಿತು. ಅವಳು ಮೆಟ್ಟಿಲ ಮೇಲೆ ಕುಸಿದು ಕೂತು, ಕೈಲಾಗದವಳ ಹಾಗೆ ಅತ್ತಳು.

ಆಮೇಲೆ ಚಿಲಕ ಸರಿಯಿತು. ಹೊಲಿಗೆಯವಳ ಕೊರಳಲ್ಲಿ ಅಳತೆ ಟೇಪು ನೇತಾಡುತ್ತಿತ್ತು. ಕಣ್ಣು ಒಣಗಿತ್ತು.

"ಎದ್ದೇಳಿ ಅಕ್ಕಾ. ಒಳಗೆ ಬನ್ನಿ."

"ತಪ್ಪಾಯ್ತು ಕಣೇ. ಹೊಸ ಡಿಸ್ಕು ನಾನು ನೋಡಲೇ ಇಲ್ಲ. ಹಳೇ ಚೀಟಿ ಅಂಟಿಸಿಬಿಟ್ಟೆ. ನನ್ನ ಕೈ ಸೇದಿ ಹೋಗ."

"ಕೂತ್ಕೊಳ್ಳಿ."

ಟಿವಿಯಲ್ಲಿ ಚಿತ್ರ ನಿಂತಿತ್ತು. ಊದಿದ, ಬಿಳಿಚಿದ ಮುಖ. ಹುಬ್ಬಿಗೆ ಪಾಚಿ ಅಂಟಿತ್ತು. ದೆವ್ವದಕ್ಕ ತಟ್ಟನೆ ಟಿವಿಯ ಮುಂದೆ ಅಡ್ಡ ನಿಂತಳು.

"ಸರೀರಿ" ಎಂದಳು ಹೊಲಿಗೆಯವಳು. ಅಷ್ಟು ಗಡುಸಾದ ದನಿಯನ್ನು ದೆವ್ವದಕ್ಕ ಅವಳ ಬಾಯಲ್ಲಿ ಕೇಳಿರಲಿಲ್ಲ. "ನೀವು ಕೂಗಿದ್ದು ಕೇಳಿಸ್ತು. ಎರಡು ಸಲ ಹಿಂದಕ್ಕೆ ಹೋಗಿ ನೋಡಿದೆ. ಮೇಣ ಹಚ್ಚಿದ್ದಾರೆ ಅಷ್ಟೇ. ಕಿವಿ ಹತ್ತಿರ ಅಂಟಿಸಿದ್ದು ಗೊತ್ತಾಗುತ್ತೆ."

"ಬೇಡ ಕಣೇ, ಆರಿಸು."

"ಒಂಬತ್ತು ವರ್ಷ ಅಕ್ಕಾ. ಇದಕ್ಕಿಂತ ಕೆಟ್ಟದ್ದನ್ನ ದಿನಾ ನಾನೇ ಮಾಡ್ಕೊಂಡು ನೋಡಿದ್ದೀನಿ. ಒಂದಿನ ಕಣ್ಣಿರ್ತಿರ್ಲಿಲ್ಲ, ಒಂದಿನ ತುಟಿ ಇರ್ತಿರ್ಲಿಲ್ಲ. ಮೀನು ತಿಂದಿರುತ್ತೆ ಅಂದ್ಕೊಳ್ತಿದ್ದೆ. ನಿಮ್ಮ ಚೀಟಿ ನೋಡಿ ಕಣ್ಣು ಮುಚ್ಚಿದ್ರೆ ಅದೇ ಬರೋದು. ನಿಮಗೆ ಬೇಜಾರಾಗುತ್ತೆ ಅಂತ ಹೇಳ್ಲಿಲ್ಲ." ಅವಳು ದೆವ್ವದಕ್ಕನ ಕಡೆ ತಿರುಗಿದಳು. "ಆವತ್ತು ನೀವು ನೋಡಿದ್ರಲ್ಲ. ಹೇಳಿ. ಹೇಗಿದ್ರು ಅವರು?"

ಸಾವಿರಾರು ಹೆಣ ನೋಡಿ, ಒಂದೊಂದಕ್ಕೂ ನಿಮಿಷ ಗುರುತು ಹಾಕಿದ್ದ ದೆವ್ವದಕ್ಕ ಮುಖ ತಿರುಗಿಸಿದಳು. "ನಿದ್ದೆ ಹೋದ ಹಾಗಿದ್ರು ಕಣೇ" ಎಂದಳು.

"ಸುಳ್ಳು ಹೇಳ್ಬೇಡಿ. ನೀವೊಬ್ರಾದ್ರೂ ಹೇಳ್ಬೇಡಿ."

ದೆವ್ವದಕ್ಕ ಕನ್ನಡಕ ತೆಗೆದು ಕೈಯಲ್ಲಿ ಹಿಡಿದಳು.

"ಊದಿದ್ರು" ಎಂದಳು ಕೊನೆಗೆ. "ಇಷ್ಟಲ್ಲ, ಆದ್ರೆ ಊದಿದ್ರು. ಬಣ್ಣ ಬೂದಿ. ಎಡಗಣ್ಣು ಅರ್ಧ ತೆರೆದಿತ್ತು. ತುಟಿ ಇತ್ತು, ಕಿವಿ ಇತ್ತು, ಮೀನು ಏನೂ ಮುಟ್ಟಿರ್ಲಿಲ್ಲ. ಹಣೆ ಮೇಲೊಂದು ಗಾಯ, ನನ್ನ ಹೆಬ್ಬೆರಳಷ್ಟು. ಕಾಲಲ್ಲಿ ಒಂದೇ ಬೂಟಿತ್ತು. ಅಂಗಿ ನೀನು ಹೊಲಿದಿದ್ದು, ಒಂದು ಗುಂಡಿಯೂ ಕಿತ್ತಿರ್ಲಿಲ್ಲ. ಗುರುತು ಸಿಗ್ತಿತ್ತು ಕಣೇ. ನೋಡಿದ ತಕ್ಷಣ ಅವರೇ ಅಂತ ಗೊತ್ತಾಗ್ತಿತ್ತು."

ಹೊಲಿಗೆಯವಳು ಹತ್ತಿರ ಸರಿದಳು. "ಆಮೇಲೆ?"

"ಮೀಸೆ ತುಂಬ ಮರಳಿತ್ತು. ಹಾಗೆ ಕಳಿಸೋದು ಬೇಡ ಅನ್ನಿಸ್ತು. ನಿನ್ನನ್ನ ಆ ಕಡೆ ಕರ್ಕೊಂಡು ಹೋದ ಮೇಲೆ ನಾನೇ ನೀರು ಹಾಕಿ ತೊಳೆದೆ, ಮುಖ ಒರೆಸಿದೆ. ಕಣ್ಣೂ ಮುಚ್ಚಿಸಿದೆ."

ಹೊಲಿಗೆಯವಳು ಬಗ್ಗಿ ದೆವ್ವದಕ್ಕನ ಬಲಗೈ ತೆಗೆದುಕೊಂಡು ಅಂಗೈ ಬಿಡಿಸಿದಳು. ಬಟ್ಟೆಯ ನೇಯ್ಗೆ ನೋಡುವವಳಂತೆ ಬೆರಳು ಬೆರಳನ್ನೂ ಮುಟ್ಟಿ ನೋಡಿದಳು. ಈಗ ಅವಳ ಕಣ್ಣು ತುಂಬಿ ಹರಿಯಿತು.

"ಅದನ್ನ ನಾನು ಮಾಡ್ಬೇಕಿತ್ತು ಅಕ್ಕಾ" ಎಂದಳು.

ದೆವ್ವದಕ್ಕ ಹೌದು ಎಂದಳು.