ಬಲಗಡೆ ಇಟ್ಟ ಬಟನ್

ಬೆಳಗಿನ ಐದೂವರೆ. ತೆಲುಗು ನಾಡಿನ ನಾಚಾರಂನ ಕಾರ್ಖಾನೆಗಳ ರಾತ್ರಿಪಾಳಿ ಇನ್ನೂ ಬಿಟ್ಟಿಲ್ಲ. ಅಲ್ಲೇ ಇರುವ ಖಾಸಗಿ ಪದವಿ ಕಾಲೇಜೊಂದರ ಮೂರನೇ ಮಹಡಿಯಲ್ಲಿ ಒಂದೇ ಒಂದು ಟ್ಯೂಬ್‌ಲೈಟ್ ಉರಿಯುತ್ತಿದೆ. ಅದರ ಕೆಳಗೆ ಕುಳಿತ ವೈಜನಾಥ, ಗಾಜು ಬಿರುಕುಬಿಟ್ಟ ಹಳೆಯ ಮೊಬೈಲಿನಲ್ಲಿ ವಿದ್ಯಾರ್ಥಿಗಳ ಪೋರ್ಟಲ್ ತೆರೆದು ಪುಟವನ್ನು ಹೆಬ್ಬೆರಳಿನಿಂದ ಮೇಲಕ್ಕೆ ತಳ್ಳುತ್ತ ಎಣಿಸುತ್ತಾರೆ. "ಒಂದು... ಎರಡು..." ಎರಡಕ್ಕೇ ಹುಬ್ಬು ಗಂಟಿಕ್ಕುತ್ತದೆ. ಕಂಪ್ಯೂಟರಿಗೆ ತಿರುಗಿ ಕ್ರೀಡಾಕೂಟದ ನೋಟಿಸನ್ನು ಕೆಳಗಿಳಿಸಿ, ಹಾಲ್‌ಟಿಕೆಟ್ಟನ್ನು ಮೇಲಕ್ಕೆ ತರುತ್ತಾರೆ.

"ಈಗ ಹುಡುಗರು ಮಲಗಿರ್ತಾರ್ರಿ. ಹಗಲೊತ್ತಿನಾಗ ಕೈ ಹಚ್ಚಿದ್ರ ಅವರು ನೋಡಾಕತ್ತಿದ್ದಾಗನ ಎಲ್ಲಾ ಜಾಗಾ ಬದಲಾಗತೈತಿ," ಎನ್ನುತ್ತಾರೆ, ಪತ್ರಿಕೆಗೆ ಬರೆಯಲೆಂದು ಬಂದ ನನಗೆ.

ಭಾಲ್ಕಿಯಿಂದ ಬಂದ ವೈಜನಾಥರಿಗೆ ನಲವತ್ತೇಳು ವರ್ಷ. ಈ ಕಾಲೇಜಿನಲ್ಲಿ ಹತ್ತೊಂಬತ್ತು. ಹುದ್ದೆ ಲ್ಯಾಬ್ ಅಸಿಸ್ಟೆಂಟ್. ಯಾವುದೋ ಕಂಪನಿ ಸಿದ್ಧ ಪೋರ್ಟಲ್ ಕೊಟ್ಟು ಕೈತೊಳೆದುಕೊಂಡಿತು. ಅದರಲ್ಲಿ ಯಾವುದು ಎಲ್ಲಿರಬೇಕು, ಎಷ್ಟು ದೊಡ್ಡದಿರಬೇಕು ಎಂಬ ತಲೆನೋವು ಇವರ ಪಾಲಿಗೆ ಬಂತು. ಮುಖಪುಟದ ತುಂಬ ಅಧ್ಯಕ್ಷರ ಫೋಟೊ ಬೇಕೆನ್ನುವವರ ಕಾಟ ಬೇರೆ. ಎರಡು ಸಾವಿರದ ಮುನ್ನೂರು ವಿದ್ಯಾರ್ಥಿಗಳು ದಿನಾ ನೋಡುವ ಪುಟ ಇವರು ಜೋಡಿಸಿದ್ದು ಎಂದು ಒಬ್ಬರಿಗೂ ಗೊತ್ತಿಲ್ಲ. ದೂರುಗಳೆಲ್ಲ 'ಡಿಯರ್ ಅಡ್ಮಿನ್' ಎಂದೇ ಶುರುವಾಗುತ್ತವೆ.

"ಅಡ್ಮಿನ್ ಅಂದ್ರ ಮಷೀನ್ ಅಂತ ತಿಳದಾರ್ರಿ," ಎಂದು ನಗುತ್ತಾರೆ. ಆ ನಗು ನನಗೆ ಹಿಡಿಸಲಿಲ್ಲ. ಹೆಂಡತಿ ತೀರಿಕೊಂಡು ಆರು ವರ್ಷ, ಮಕ್ಕಳಿಲ್ಲ. ಲಿಂಗಂಪಲ್ಲಿಯ ತಂಗಿ ಶಾರದಾಬಾಯಿ ಭಾನುವಾರ ಫೋನ್ ಮಾಡಿದರೆ ಕನ್ನಡ, ಉಳಿದ ದಿನ ತೆಲುಗು, ಹಿಂದಿ. ಅದೂ ಹೆಚ್ಚೇನಿಲ್ಲ.

ಆ ಹಳೆಯ ಮೊಬೈಲನ್ನು ಅವರು ಕೋಠಿಯ ಹಳೆ ಸಾಮಾನಿನ ಬಜಾರಿನಲ್ಲಿ ಕೊಂಡದ್ದು ಹೋದ ವರ್ಷ, ಒಂದು ತಪ್ಪಿನ ನಂತರ. ಪರೀಕ್ಷೆಗೆ ಮೊದಲು ಪ್ರತಿ ವಿದ್ಯಾರ್ಥಿಯೂ ತನ್ನ ವಿವರ ಸರಿಯಿದೆ ಎಂದು ಪೋರ್ಟಲಿನಲ್ಲಿ ಒಪ್ಪಿಗೆ ಕೊಡಬೇಕು. ಇಲ್ಲದಿದ್ದರೆ ಹಾಲ್‌ಟಿಕೆಟ್ ಇಲ್ಲ. ಆ ಬಟನ್ನನ್ನು ವೈಜನಾಥ ಬಲಗಡೆ, ಹಸಿರು ಬಣ್ಣದಲ್ಲಿ ಚೆಂದವಾಗಿ ಇಟ್ಟರು. ಲ್ಯಾಬಿನ ದೊಡ್ಡ ಪರದೆಯಲ್ಲಿ ಎದ್ದು ಕಾಣುತ್ತಿತ್ತು. ಆದರೆ ಮೊಬೈಲಿನ ಸಣ್ಣ ಪರದೆಯಲ್ಲಿ ಬಲಗಡೆಯದು ಎಡಗಡೆಯದರ ಕೆಳಗೆ ಹೋಗಿ ಕೂರುತ್ತದೆ. ಹನ್ನೊಂದು ನೋಟಿಸುಗಳ ಅಡಿಯಲ್ಲಿ ಬಟನ್ ಹೂತುಹೋಯಿತು.

ಸುಮಾರು ನಲವತ್ತು ಮಂದಿ ಒಪ್ಪಿಗೆಯ ಕೊನೆಯ ದಿನ ಓಡಿಬಂದು ಸರಿಮಾಡಿಸಿಕೊಂಡರು. ಒಬ್ಬಳು ಬರಲಿಲ್ಲ. ಮಾನಸಾ ಎನ್ನೋಣ, ಅವಳ ನಿಜವಾದ ಹೆಸರು ಬೇಡ. ಪರೀಕ್ಷೆಯ ಹಿಂದಿನ ದಿನ ಕೌಂಟರ್ ಮುಂದೆ ನಿಂತು, "ರೋಜೂ ಚೂಸಾನು ಸಾರ್, ಕನಪಡಲೇದು," ದಿನಾ ನೋಡಿದ್ದೆ, ಕಾಣಲಿಲ್ಲ ಎಂದು ಅತ್ತಳು. ಸರಿಯಾಗಿ ನೋಡಬೇಕಿತ್ತು ಎಂದು ಗುಮಾಸ್ತರು ಬೈದು ಕಳಿಸಿದರು. ಅವಳ ಒಂದು ವರ್ಷ ಹೋಯಿತು.

"ನಾ ಹಿಂದ ನಿಂತಿದ್ದೆರಿ. ಬಾಯಿ ಬಿಡಲಿಲ್ಲ. ಯಾರೂ ನನ್ನ ಕೇಳಲೂ ಇಲ್ಲ." ಈಗ ಅವರ ನಿಯಮ ಒಂದೇ: ಮುಖ್ಯವಾದದ್ದು ಹೆಬ್ಬೆರಳಿನ ಒಂದೇ ತಳ್ಳುವಿಕೆಗೆ ಸಿಗಬೇಕು. ದಿನಾ ಬೆಳಿಗ್ಗೆ ಎಣಿಸುತ್ತಾರೆ.

ಮಾನಸಾ ಈ ತಿಂಗಳು ಮತ್ತೆ ಪರೀಕ್ಷೆಗೆ ಕೂರುತ್ತಿದ್ದಾಳೆ. ಲ್ಯಾಬಿಗೆ ಬಂದಾಗ ಇವರಿಗೆ ನಮಸ್ತೆ ಹೇಳುತ್ತಾಳೆ. ಹಾಗೆ ಹೇಳುವವಳು ಅವಳೊಬ್ಬಳೇ. "ಅದನ್ನ ತಡಕೊಳ್ಳೂದು ಭಾಳ ಕಷ್ಟ ಐತ್ರಿ," ಎನ್ನುತ್ತಾರೆ.

ನಿಮ್ಮ ಹೆಸರು ಹಾಕಲೇ ಎಂದು ಕೇಳುತ್ತೇನೆ.

"ಹಾಕ್ರಿ. ಅಕಿಗೆ ಕನ್ನಡ ಬರಂಗಿಲ್ಲ, ಅದಕ್ಕ ನಿಮ್ಮ ಮುಂದ ಹೇಳಾಕ ಧೈರ್ಯ ಬಂತು. ಆದ್ರ ನಿಮ್ಮ ಪೇಪರ್ ಬರೋದ್ರೊಳಗ ಅಕಿಗೂ ತೆಲುಗಿನಾಗ ಹೇಳಬೇಕ್ರಿ. 'ನೀ ಬರೊಬ್ಬರಿ ನೋಡಿದ್ದಿ ತಂಗಿ, ನಾನ ಕಾಣದಂಗ ಇಟ್ಟಿದ್ದೆ.' ಇಷ್ಟ ಹೇಳೂದೈತಿ."